ಎರವಲು ತಂದ ಅಜ್ಜಿಯ ಉಬ್ಬಸ

ಮಾನ್ಯ ಸಂಪಾದಕರೆ,

ಮೂವತ್ತು ವರ್ಷಕ್ಕೂ ಮಿಕ್ಕಿ ವೈದ್ಯಕೀಯ ಕಾಲೇಜೊಂದರಲ್ಲಿ ಜನರಲ್ ಮೆಡಿಸಿನ್ ಪಾಠ ಹೇಳಿ ನಿವೃತ್ತನಾಗಿರುವ ನನಗೆ ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ಒಂದು ಕೆಲಸ ತಪ್ಪದೆ ಬರುತ್ತದೆ. ಅಮೆರಿಕದಲ್ಲಿ ರೆಸಿಡೆನ್ಸಿಗೆ, ಅಂದರೆ ನಮ್ಮ ಎಂ.ಡಿ., ಎಂ.ಎಸ್.ಗಳಿಗೆ ಹೋಲಿಸಬಹುದಾದ ತರಬೇತಿಗೆ, ಅರ್ಜಿ ಹಾಕುವ ಹಳೆಯ ವಿದ್ಯಾರ್ಥಿಗಳು ‘ಸರ್, ಪಿ.ಎಸ್. ರೆಡಿ ಆಗಿದೆ, ಒಂದ್ಸಲ ಕಣ್ಣಾಡಿಸಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಪಿ.ಎಸ್. ಎಂದರೆ ಪರ್ಸನಲ್ ಸ್ಟೇಟ್‌ಮೆಂಟ್. ನಾನು ಯಾರು, ಈ ವಿಭಾಗವನ್ನೇ ಏಕೆ ಆರಿಸಿಕೊಂಡೆ, ನನ್ನನ್ನು ಈ ದಾರಿಗೆ ತಂದದ್ದು ಏನು ಎಂಬುದನ್ನು ಅಭ್ಯರ್ಥಿ ತನ್ನ ಮಾತಿನಲ್ಲೇ ಹೇಳಿಕೊಳ್ಳಬೇಕಾದ ಸುಮಾರು ಒಂದು ಪುಟದ ಬರಹ. ಕಳೆದ ವರ್ಷ ಒಂದೇ ವಾರದಲ್ಲಿ ನನ್ನ ಕೈಗೆ ಬಂದ ಎರಡು ಪಿ.ಎಸ್.ಗಳು ಒಬ್ಬಳೇ ಅಜ್ಜಿಯಿಂದ ಆರಂಭವಾಗಿದ್ದವು. ಹುಡುಗ ಚಿತ್ರದುರ್ಗದ ಕಡೆಯವನು, ಹುಡುಗಿ ಹಾವೇರಿ ಕಡೆಯವಳು. ಬಂಧುತ್ವವಂತೂ ಇಲ್ಲ, ಪರಿಚಯವೂ ಅಷ್ಟಕ್ಕಷ್ಟೆ. ಆದರೂ ಇಬ್ಬರ ಅಜ್ಜಿಯರೂ ಮಳೆಗಾಲದ ರಾತ್ರಿಯೊಂದರಲ್ಲಿ ಉಬ್ಬಸ ತಾಳಲಾರದೆ ಎದ್ದು ಕುಳಿತಿದ್ದರು, ಇಬ್ಬರೂ ಮೊಮ್ಮಗುವಿನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು, ಇಬ್ಬರ ಮನೆಗೂ ಬಂದ ಡಾಕ್ಟರು ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡ ಮೇಲೆಯೇ ಅಜ್ಜಿಯ ಬೆನ್ನಿಗೆ ಇಟ್ಟಿದ್ದರು. ಎರಡು ಬರಹಗಳ ಮೊದಲ ಪ್ಯಾರಾದಲ್ಲಿ ಒಂದು ಅಲ್ಪವಿರಾಮದ ವ್ಯತ್ಯಾಸವೂ ಇರಲಿಲ್ಲ.

ಹುಡುಗನಿಗೆ ಫೋನ್ ಮಾಡಿ, ಬೇರೇನೂ ಹೇಳದೆ, ‘ನಿಮ್ಮಜ್ಜಿ ಈಗ ಹೇಗಿದ್ದಾರಪ್ಪ?’ ಎಂದು ಕೇಳಿದೆ. ಅವನು ಅರೆಕ್ಷಣ ತಡೆದು, ‘ಯಾವ ಅಜ್ಜಿ ಸರ್?’ ಎಂದ.

ಈ ಮಾತನ್ನು ನಗೆಯಾಡಿ ಬಿಡುವ ಹಾಗಿಲ್ಲ ಎನಿಸಿದ್ದರಿಂದ ತಮ್ಮ ಪತ್ರಿಕೆಯ ಮೂಲಕ ಓದುಗರ, ಮುಖ್ಯವಾಗಿ ನನ್ನ ವೃತ್ತಿಬಾಂಧವರಾದ ಅಧ್ಯಾಪಕರ ಮುಂದೆ ಇಡುತ್ತಿದ್ದೇನೆ. ಇದು ನಮ್ಮವರು ಹುಟ್ಟುಹಾಕಿದ ವಿದ್ಯೆಯೇನೂ ಅಲ್ಲ. ಬ್ರಿಟನ್ನಿನಲ್ಲಿ ಪದವಿ ಪ್ರವೇಶದ ಅರ್ಜಿಗಳನ್ನೆಲ್ಲ ಒಂದೇ ಕಡೆ ಸ್ವೀಕರಿಸುವ ಯುಕಾಸ್ ಎಂಬ ಸಂಸ್ಥೆ ವೈದ್ಯಕೀಯವೂ ಸೇರಿದಂತೆ ಪೈಪೋಟಿ ಹೆಚ್ಚಿರುವ ಕೋರ್ಸುಗಳಿಗೆ ಬಂದ 50,000 ಸ್ಟೇಟ್‌ಮೆಂಟುಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದ ವಿವರ 2007ರಲ್ಲಿ ಹೊರಬಿದ್ದಾಗ ಅಲ್ಲಿನ ಪತ್ರಿಕೆಗಳಿಗೆ ಒಳ್ಳೆಯ ಸುಗ್ಗಿಯಾಗಿತ್ತು. 234 ಮಂದಿ ತಮ್ಮ ಎಂಟನೆಯ ಹುಟ್ಟುಹಬ್ಬದ ದಿನ ರಸಾಯನಶಾಸ್ತ್ರದ ಆಟದ ಪೆಟ್ಟಿಗೆ ಇಟ್ಟುಕೊಂಡು ಏನೋ ಪ್ರಯೋಗ ಮಾಡಲು ಹೋಗಿ ಪೈಜಾಮಕ್ಕೆ ತೂತು ಬೀಳುವಂತೆ ಸುಟ್ಟುಕೊಂಡಿದ್ದರು. ವಿಜ್ಞಾನದ ಮೇಲಿನ ಅವರೆಲ್ಲರ ಪ್ರೀತಿ ಆ ತೂತಿನಿಂದಲೇ ಹುಟ್ಟಿತ್ತು. 370 ಮಂದಿಗೆ ಮನುಷ್ಯ ದೇಹ ಕೆಲಸ ಮಾಡುವ ಬಗೆ ಒಂದೇ ವಾಕ್ಯದಲ್ಲಿ ಬೆರಗು ತರಿಸಿತ್ತು. 175 ಮಂದಿಯ ಬರಹದಲ್ಲಿ ವಯಸ್ಸಾದ ಅಥವಾ ಕಾಯಿಲೆಬಿದ್ದ ತಾತ ಇದ್ದ. ನನ್ನ ಇಬ್ಬರು ವಿದ್ಯಾರ್ಥಿಗಳ ಅಜ್ಜಿ ಆ ತಾತನ ಮನೆಯವಳೇ ಇರಬೇಕು.

ಆದರೆ ಅವರು ಇನ್ನೂ ಕಾಲೇಜು ಮೆಟ್ಟಿಲು ಹತ್ತದ ಹದಿನೇಳು ಹದಿನೆಂಟರ ಮಕ್ಕಳು. ಎಂ.ಬಿ.ಬಿ.ಎಸ್. ಮುಗಿಸಿ, ರಿಜಿಸ್ಟ್ರೇಷನ್ ಪಡೆದು, ರೋಗಿಯ ಮೈಮುಟ್ಟಿ ಚಿಕಿತ್ಸೆ ಮಾಡಿದವರ ಕಥೆ ಬೇರೆ. ಅಮೆರಿಕದ ದೊಡ್ಡ ಬೋಧನಾ ಆಸ್ಪತ್ರೆಯೊಂದಕ್ಕೆ 2005ರಿಂದ 2007ರ ನಡುವೆ ರೆಸಿಡೆನ್ಸಿ ಬಯಸಿ ಬಂದ 4,975 ಸ್ಟೇಟ್‌ಮೆಂಟುಗಳನ್ನು ಅಂತರಜಾಲದ ಪುಟಗಳೊಂದಿಗೆ, ಪ್ರಕಟಿತ ಬರಹಗಳೊಂದಿಗೆ ಮತ್ತು ಅದಕ್ಕೂ ಮುಂಚೆ ಸಲ್ಲಿಕೆಯಾಗಿದ್ದ ಸ್ಟೇಟ್‌ಮೆಂಟುಗಳೊಂದಿಗೆ ತಂತ್ರಾಂಶದ ಮೂಲಕ ಹೋಲಿಸಿದ ಅಧ್ಯಯನವೊಂದು 2010ರಲ್ಲಿ ಆ್ಯನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಹೆಚ್ಚು ಬೇರೆಡೆಯ ಬರಹಕ್ಕೆ ತಾಳೆಯಾದರೆ ಕೃತಿಚೌರ್ಯ ಎಂದು ಅವರು ಅಳತೆಗೋಲು ಇಟ್ಟುಕೊಂಡಿದ್ದರು. ಆ ಲೆಕ್ಕದಲ್ಲಿ ಶೇ 5.2ರಷ್ಟು, ಅಂದರೆ ಸುಮಾರು 260 ವೈದ್ಯರು ಸಿಕ್ಕಿಬಿದ್ದರು. ನೂರಕ್ಕೆ ಐದು ಎಂದರೆ ಉಳಿದ ತೊಂಬತ್ತೈದು ಮಂದಿಯ ಬರಹದಲ್ಲಿ ಅಂಥ ನಕಲು ಸಿಗಲಿಲ್ಲ ಎಂಬುದನ್ನೂ ಹೇಳಬೇಕಾದದ್ದು ನ್ಯಾಯ. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ಅಮೆರಿಕದ ಪ್ರಜೆಗಳಲ್ಲದ ಅಭ್ಯರ್ಥಿಗಳಲ್ಲಿ ಈ ಚಾಳಿ ಹೆಚ್ಚು. ಹೊರದೇಶಗಳಿಂದ ಅಲ್ಲಿಗೆ ಹೋಗುವ ವೈದ್ಯರಲ್ಲಿ ಭಾರತೀಯರದು ದೊಡ್ಡ ಪಾಲಾಗಿರುವಾಗ, ಇದು ಯಾರದೋ ಮನೆಯ ಮಾತು ಎಂದು ನಾವು ಬಾಗಿಲು ಹಾಕಿಕೊಳ್ಳುವಂತಿಲ್ಲ.

ಶಿಕ್ಷೆಯ ವಿಷಯ ಬಹಳ ಜನಕ್ಕೆ ತಿಳಿದಂತಿಲ್ಲವಾದ್ದರಿಂದ ಅದನ್ನಿಷ್ಟು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಈ ಅರ್ಜಿಗಳಲ್ಲಿ ಹೆಚ್ಚಿನವು ಎರಾಸ್ ಎಂಬ ಒಂದೇ ಕಿಂಡಿಯಿಂದ ಹೋಗುತ್ತವೆ. ಮಾದರಿ ಸ್ಟೇಟ್‌ಮೆಂಟುಗಳಿರುವ ಜಾಲತಾಣಗಳಿಂದ ಎತ್ತಿ ಬರೆದರೆ ಅದು ಕೃತಿಚೌರ್ಯ, ಅನುಮಾನ ಬಂದರೆ ತನಿಖೆ ಮಾಡುತ್ತೇವೆ, ರುಜುವಾತಾದರೆ ಅಭ್ಯರ್ಥಿ ಈ ವರ್ಷ ಅರ್ಜಿ ಹಾಕಿದ ಆಸ್ಪತ್ರೆಗಳಿಗಷ್ಟೇ ಅಲ್ಲ, ಮುಂದಿನ ವರ್ಷಗಳಲ್ಲಿ ಹಾಕುವ ಆಸ್ಪತ್ರೆಗಳಿಗೂ ತಿಳಿಸಬಹುದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಹೊಲವನ್ನೋ ಸೈಟನ್ನೋ ಅಡವಿಟ್ಟು ಪರೀಕ್ಷೆಯ ಶುಲ್ಕ, ವಿಮಾನದ ಟಿಕೆಟ್ಟು, ಅಲ್ಲಿನ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ನೋಡಿ ಕಲಿಯುವ ಅಬ್ಸರ್ವರ್‌ಶಿಪ್ ಎಂದು ಲಕ್ಷಾಂತರ ರೂಪಾಯಿ ಸುರಿದ ತಂದೆತಾಯಿಗಳಿಗೆ, ಇಷ್ಟೆಲ್ಲ ಒಂದು ಪ್ಯಾರಾದ ಆಸೆಗೆ ಹೋಗಬಹುದು ಎಂಬುದು ಗೊತ್ತಿರುವುದು ಒಳ್ಳೆಯದು.

ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಭಯದಿಂದ ಕಳ್ಳತನ ಜಾಣತನವಾಗಿ ತಿರುಗುತ್ತದೆಯೇ ಹೊರತು ನಿಲ್ಲುವುದಿಲ್ಲ ಎಂಬುದನ್ನು ಆ ಹುಡುಗನೇ ನನಗೆ ತೋರಿಸಿಕೊಟ್ಟ. ತಪ್ಪಾಯಿತು ಎಂದು ಒಪ್ಪಿಕೊಂಡ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ: ‘ಸರ್, ಎಷ್ಟು ಪರ್ಸೆಂಟ್ ಬಂದರೆ ಪರವಾಗಿಲ್ಲ?’ ಅವನನ್ನು ಬೈಯುವುದು ಸುಲಭ. ಆದರೆ ಈ ಲೆಕ್ಕಾಚಾರವನ್ನು ಅವನಿಗೆ ಕಲಿಸಿದವರು ನಾವೇ. ಯುಜಿಸಿಯ 2018ರ ನಿಯಮಗಳಲ್ಲಿ ಸಂಶೋಧನಾ ಪ್ರಬಂಧಗಳಿಗೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ 40ರವರೆಗೆ ತಿದ್ದಿ ಮತ್ತೆ ಸಲ್ಲಿಸಬೇಕು, ಅದಕ್ಕೂ ಮೇಲೆ ಹೋದರೆ ಒಂದು ವರ್ಷ ತಡೆ, ಶೇ 60 ದಾಟಿದರೆ ನೋಂದಣಿಯೇ ರದ್ದು ಎಂದು ಮೆಟ್ಟಿಲು ಕಟ್ಟಿಟ್ಟಿದ್ದಾರೆ. ಪ್ರಬಂಧಕ್ಕೆ ಅಂಥದ್ದೊಂದು ಅಳತೆ ಬೇಕಾಗಬಹುದು, ಏಕೆಂದರೆ ರಕ್ತದೊತ್ತಡವನ್ನು ಅಳೆದ ವಿಧಾನವನ್ನು ಹತ್ತು ಜನ ಹತ್ತು ಬಗೆಯಲ್ಲಿ ಬರೆಯಲು ಬರುವುದಿಲ್ಲ. ಸ್ವಂತ ಬದುಕಿಗೆ ಆ ಅಳತೆ ಹೇಗೆ ಹೊಂದೀತು? ಅಜ್ಜಿಯ ಉಬ್ಬಸವನ್ನು ತಾತನ ಪಾರ್ಶ್ವವಾಯು ಎಂದು ಬದಲಿಸಿ, ಮಳೆಗಾಲವನ್ನು ಚಳಿಗಾಲ ಮಾಡಿ, ವಾಕ್ಯಗಳನ್ನು ಹಿಂದುಮುಂದು ಮಾಡಿದರೆ ತಂತ್ರಾಂಶ ಶೇ 0 ಎಂದು ಹೇಳುತ್ತದೆ. ಆಗಲೂ ಆ ತಾತ ಇರುವುದಿಲ್ಲ, ಆ ರಾತ್ರಿ ನಡೆದಿರುವುದಿಲ್ಲ. ಇಲ್ಲಿ ಕದ್ದದ್ದು ವಾಕ್ಯ ಮಾತ್ರವಾಗಿದ್ದರೆ ಇಷ್ಟುದ್ದ ಪತ್ರ ಬರೆಯುತ್ತಿರಲಿಲ್ಲ. ನಾನು ವೈದ್ಯನಾಗಲು ಇದು ಕಾರಣ ಎಂದು ಇಲ್ಲದ ಕಾರಣವನ್ನು ಹೇಳಿ ಒಬ್ಬ ವೈದ್ಯ ವೃತ್ತಿಯ ಮುಂದಿನ ಬಾಗಿಲು ತಟ್ಟುತ್ತಿದ್ದಾನೆ, ನಾಳೆ ಅದೇ ಕೈಯಿಂದ ರೋಗಿಯ ಕೇಸ್ ಶೀಟಿನಲ್ಲಿ ತಾನು ನೋಡದ ನಾಡಿಯ ಬಡಿತವನ್ನು ಬರೆಯಲಾರ ಎಂದು ನಾವು ನಂಬಬೇಕಾಗಿದೆ ಎಂಬುದು ನನ್ನ ಚಿಂತೆ.

ಈ ಮಕ್ಕಳು ಹೀಗೇಕಾದರು ಎಂದು ಹುಡುಕಿಕೊಂಡು ಹೊರಟರೆ ದಾರಿ ನೇರವಾಗಿ ನಮ್ಮ ಶಾಲೆಗಳಿಗೆ ಬರುತ್ತದೆ. ‘ನಾನು ವೈದ್ಯನಾದರೆ’ ಎಂಬ ಪ್ರಬಂಧವನ್ನು ಹೈಸ್ಕೂಲಿನಲ್ಲಿ ಬರೆಯದವರು ಕಡಿಮೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಮೂರು ಉಪಶೀರ್ಷಿಕೆ ಹಾಕಿ, ‘ವೈದ್ಯೋ ನಾರಾಯಣೋ ಹರಿಃ’ ಎಂದು ಶುರುಮಾಡಿ, ಹಳ್ಳಿಯ ಬಡವರಿಗೆ ಉಚಿತ ಚಿಕಿತ್ಸೆ ನೀಡುವುದಾಗಿ ಮಾತು ಕೊಟ್ಟು ಮುಗಿಸಿದರೆ ಐದಕ್ಕೆ ನಾಲ್ಕು ಅಂಕ ಖಚಿತ. ಗೈಡಿನಲ್ಲಿದ್ದುದನ್ನು ಇದ್ದ ಹಾಗೆ ಬರೆದ ಹುಡುಗನಿಗೆ ನಾಲ್ಕೂವರೆ. ಅಪ್ಪನ ಕಾಲಿನ ಹುಣ್ಣನ್ನು ಕಾಂಪೌಂಡರ್ ಕಟ್ಟಿದ್ದನ್ನು ನೋಡಿ ತನಗೂ ಆ ಕೆಲಸ ಕಲಿಯಬೇಕೆನಿಸಿತು ಎಂದು ನಿಜ ಬರೆದ ಹುಡುಗನಿಗೆ ಕಾಗುಣಿತ ತಪ್ಪಿದ್ದಕ್ಕಾಗಿ ಎರಡೂವರೆ. ಆಮೇಲೆ ನೀಟ್ ಬರುತ್ತದೆ: 180 ಪ್ರಶ್ನೆ, ನಾಲ್ಕು ಆಯ್ಕೆ, ವೃತ್ತಕ್ಕೆ ಕಪ್ಪು ತುಂಬುವುದು. ಸ್ನಾತಕೋತ್ತರಕ್ಕೆ ಹೋಗಬೇಕೆಂದರೆ 200 ಪ್ರಶ್ನೆ, ಮತ್ತೆ ಅದೇ ನಾಲ್ಕು ಆಯ್ಕೆ. ನಮ್ಮಲ್ಲಿ ಸೀಟು ಸಿಗುವುದು ರ‍್ಯಾಂಕಿಗೆ. ನೀನೇಕೆ ಬಂದೆ ಎಂದು ಯಾರೂ ಕೇಳುವುದಿಲ್ಲ, ಕೇಳದಿರುವುದರಲ್ಲಿ ಒಂದು ನ್ಯಾಯವೂ ಇದೆ, ಏಕೆಂದರೆ ಅಂಥ ಪ್ರಶ್ನೆ ನಮ್ಮಲ್ಲಿ ಬಂದರೆ ಅದರ ಹಿಂದೆಯೇ ಶಿಫಾರಸು ಚೀಟಿಯೂ ಬರುತ್ತದೆ. ಒಟ್ಟಿನಲ್ಲಿ ಇಪ್ಪತ್ತೈದು ವರ್ಷ ತುಂಬಿದ ಒಬ್ಬ ವೈದ್ಯನಿಗೆ ತನ್ನ ಬಗ್ಗೆ ಒಂದು ಪುಟ ಬರೆ ಎಂದು ಮೊಟ್ಟಮೊದಲ ಬಾರಿ ಕೇಳುವುದು ಹದಿಮೂರು ಸಾವಿರ ಕಿಲೋಮೀಟರ್ ಆಚೆಗಿನ ಯಾವುದೋ ಆಸ್ಪತ್ರೆ. ಅವನು ತನಗೆ ಗೊತ್ತಿರುವುದನ್ನೇ ಮಾಡುತ್ತಾನೆ, ಗೈಡ್ ಹುಡುಕುತ್ತಾನೆ. ಈಗ ಗೈಡಿನ ಜಾಗದಲ್ಲಿ ‘ಮ್ಯಾಚ್ ಆದವರ (ಅಂದರೆ ರೆಸಿಡೆನ್ಸಿ ಸೀಟು ಸಿಕ್ಕವರ) ಪಿ.ಎಸ್.’ ಎಂಬ ಪಿಡಿಎಫ್‌ಗಳ ಕಟ್ಟು ಟೆಲಿಗ್ರಾಂ ಗುಂಪುಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದೆ.

ನನ್ನ ಕೈಯೂ ಶುದ್ಧವಲ್ಲ ಎಂಬುದನ್ನು ಹೇಳದೆ ಮುಂದೆ ಹೋದರೆ ಈ ಪತ್ರಕ್ಕೆ ಅರ್ಥವಿರುವುದಿಲ್ಲ. ನಾನು ಎಂ.ಡಿ. ಮಾಡುವಾಗ ಪ್ರಬಂಧದ ಹಿಂದಿನ ಅಧ್ಯಯನಗಳ ವಿಮರ್ಶೆಯ ಭಾಗವನ್ನು ನನಗಿಂತ ಎರಡು ವರ್ಷ ಹಿರಿಯರೊಬ್ಬರ ಬೈಂಡ್ ಮಾಡಿದ ಪ್ರತಿಯಿಂದ ಇಳಿಸಿಕೊಂಡಿದ್ದೆ. ಕಾಲೇಜಿನ ಎದುರಿಗಿದ್ದ ಟೈಪಿಂಗ್ ಅಂಗಡಿಯಾತ ‘ಈ ಪೇಜು ಹೋದ ವರ್ಷನೂ ಹೊಡೆದಿದ್ದೆ ಸಾರ್’ ಎಂದು ನಕ್ಕಿದ್ದ. ಪುಟಕ್ಕೆ ಎಂಟಾಣೆ ಕಡಿಮೆ ತೆಗೆದುಕೊಂಡಿದ್ದ. ಪರೀಕ್ಷಕರು ಅದನ್ನು ತೆರೆದು ನೋಡಲಿಲ್ಲ. ಮುಂದೆ ನಾನೇ ಅಧ್ಯಾಪಕನಾದ ಮೇಲೆ ಪರೀಕ್ಷೆಯ ಹಿಂದಿನ ವಾರ ಎದೆಯೆತ್ತರ ರಾಶಿ ಬೀಳುತ್ತಿದ್ದ ಕೇಸ್ ರೆಕಾರ್ಡ್ ಪುಸ್ತಕಗಳಿಗೆ ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ಸಹಿ ಹಾಕಿದ್ದೇನೆ. ವರ್ಷ ವರ್ಷವೂ ಅದೇ ನಲವತ್ತೈದು ವರ್ಷದ ಕೂಲಿ ಕಾರ್ಮಿಕ, ಅದೇ ಮೂರು ವಾರದ ಕೆಮ್ಮು, ಅದೇ ಹೃದಯ ಕವಾಟದ ಹೆಂಗಸು. ಸೀನಿಯರ್ ರೆಕಾರ್ಡಿನಿಂದ ಜೂನಿಯರ್ ರೆಕಾರ್ಡಿಗೆ ಇಳಿದು ಬರುವಾಗ ಯಾರೋ ಎಡಗಾಲಿನ ಊತವನ್ನು ಬಲಗಾಲು ಎಂದು ಬರೆದಿದ್ದರೆ ಅಲ್ಲಿಂದಾಚೆ ಎಲ್ಲರಿಗೂ ಬಲಗಾಲೇ ಊದಿಕೊಳ್ಳುತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದೆ. ಹಾಕದಿದ್ದರೆ ಹಾಲ್ ಟಿಕೆಟ್ ಸಿಗುವುದಿಲ್ಲ, ಹುಡುಗರು ಪಾಪ ಎಂದುಕೊಂಡೆ.

2019ರಲ್ಲಿ ಹೊಸ ಪಠ್ಯಕ್ರಮ ಬಂದಾಗ ಇದಕ್ಕೊಂದು ಔಷಧಿ ಸಿಕ್ಕಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ವರ್ತನೆ, ನೀತಿ, ಸಂವಹನ ಈ ಮೂರನ್ನು ಕಲಿಸುವ ಎಟ್‌ಕಾಮ್ ಎಂಬ ಭಾಗದಲ್ಲಿ ವಿದ್ಯಾರ್ಥಿ ರೋಗಿಯ ಬಳಿ ತಾನು ಕಂಡದ್ದನ್ನು, ಅದರಿಂದ ತನಗೆ ಅನಿಸಿದ್ದನ್ನು ಸ್ವಂತ ಮಾತಿನಲ್ಲಿ ಬರೆಯಬೇಕು. ರಿಫ್ಲೆಕ್ಷನ್ ಎಂದು ಅದಕ್ಕೆ ಹೆಸರು. ಪರ್ಸನಲ್ ಸ್ಟೇಟ್‌ಮೆಂಟಿಗೆ ಇದಕ್ಕಿಂತ ಒಳ್ಳೆಯ ಪೂರ್ವಸಿದ್ಧತೆ ಇನ್ನೊಂದಿಲ್ಲ. ಆದರೆ ನಾನು ನಿವೃತ್ತನಾಗುವ ಮುಂಚಿನ ವರ್ಷ ನೋಡಿದ ಲಾಗ್‌ಬುಕ್ಕುಗಳಲ್ಲಿ, ಕ್ಯಾನ್ಸರ್ ಎಂದು ರೋಗಿಗೆ ತಿಳಿಸಿದ ಸಂದರ್ಭವನ್ನು ಕುರಿತು, ‘ಈ ಘಟನೆ ನನ್ನ ಹೃದಯವನ್ನು ತುಂಬಾ ಕಲಕಿತು’ ಎಂಬ ಒಂದೇ ವಾಕ್ಯವನ್ನು ಹುಡುಗರು ಸಾಲಾಗಿ ಬರೆದಿದ್ದರು. ಕಲಕಿದ ಹೃದಯ ಒಂದೇ, ಹಂಚಿಕೊಂಡವರು ಬಹಳ. ಅದಕ್ಕೂ ನಮ್ಮ ಸಹಿ ಬಿತ್ತು. ತನ್ನ ಅನಿಸಿಕೆಯನ್ನೇ ನಕಲು ಮಾಡಿ ಪಾಸಾಗಬಹುದು ಎಂದು ಎರಡನೆಯ ವರ್ಷದಲ್ಲಿ ಕಲಿತವನು ಅರ್ಜಿಯ ಹೊತ್ತಿಗೆ ಅಜ್ಜಿಯನ್ನು ಎರವಲು ತಂದರೆ ನಾವು ಯಾವ ಮುಖ ಇಟ್ಟುಕೊಂಡು ಆಶ್ಚರ್ಯಪಡಬೇಕು?

ಇನ್ನು ಆ ಹುಡುಗಿಯ ವಿಷಯ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು ಮತ್ತು ರೋಗಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಮರೆಸಿದ್ದೇನೆ. ಮನೆಗೇ ಕರೆಸಿ, ‘ಅಜ್ಜಿ ಇರಲಮ್ಮ, ಇಂಟರ್ನ್‌ಶಿಪ್ಪಿನಲ್ಲಿ ನಿನಗೆ ಮರೆಯಲಾಗದ ಒಂದು ರಾತ್ರಿ ಹೇಳು’ ಎಂದೆ. ‘ಅಂಥದ್ದೇನೂ ಇಲ್ಲ ಸರ್, ಎಲ್ಲರ ಥರಾನೇ’ ಎಂದಳು. ಬಹಳ ಹೊತ್ತಿನ ಮೇಲೆ, ತಪ್ಪೊಪ್ಪಿಕೊಳ್ಳುವವಳ ಹಾಗೆ ಒಂದು ಮಾತು ತೆಗೆದಳು. ಜಿಲ್ಲಾಸ್ಪತ್ರೆಯಲ್ಲಿ ಅವಳು ಮೆಡಿಸಿನ್ ಪೋಸ್ಟಿಂಗ್‌ನಲ್ಲಿದ್ದಾಗ ಬೆಳೆಗೆ ಹೊಡೆಯುವ ಕೀಟನಾಶಕ ಕುಡಿದ ರೈತನೊಬ್ಬನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಂದಿದ್ದರು. ಇಂಥ ರೋಗಿಗೆ ಬಾಯಿ, ಶ್ವಾಸಕೋಶಗಳಲ್ಲಿ ನೀರೊಡೆದು ಉಸಿರು ಕಟ್ಟುತ್ತದೆ, ಕಣ್ಣ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಎದೆ ಒಣಗುವವರೆಗೆ ಅಟ್ರೋಪಿನ್ ಎಂಬ ಔಷಧಿ ಕೊಡುತ್ತ ಹೋಗಬೇಕು, ಕಡಿಮೆಯಾದರೆ ಪ್ರಾಣ ಹೋಗುತ್ತದೆ, ಹೆಚ್ಚಾದರೆ ಬುದ್ಧಿ ಕಲಸಿ ಸನ್ನಿ ಹಿಡಿಯುತ್ತದೆ. ಆದ್ದರಿಂದ ಕಾಲುಗಂಟೆಗೊಮ್ಮೆ ನಾಡಿ, ಪಾಪೆ, ಎದೆಯ ಸದ್ದು ನೋಡಿ ಚಾರ್ಟಿನಲ್ಲಿ ಬರೆಯುತ್ತ ಕೂರುವುದು ಇಂಟರ್ನ್ ಕೆಲಸ. ಎರಡನೆಯ ರಾತ್ರಿ ಮೂರು ಗಂಟೆಗೆ ಆತ ಗಾಳಿಯಲ್ಲಿ ಎರಡೂ ಕೈ ಚಾಚಿ ಬೆರಳುಗಳನ್ನು ಮಡಿಸುತ್ತ ಬಿಡುತ್ತ ಏನನ್ನೋ ಎಳೆಯತೊಡಗಿದ. ಪಕ್ಕದ ಹಾಸಿಗೆಯವರು ದೆವ್ವ ಎಂದರು. ಸಿಸ್ಟರ್ ಫಿಟ್ಸ್ ಬಂದಿರಬೇಕು ಎಂದರು. ಇವಳು ಮಾತ್ರ ಒಂದು ನಿಮಿಷ ನೋಡಿ, ‘ಫಿಟ್ಸ್ ಅಲ್ಲ ಸಿಸ್ಟರ್, ಹಾಲು ಕರೀತಿದ್ದಾರೆ’ ಎಂದಳಂತೆ. ಹೆಬ್ಬೆರಳು ಒಳಕ್ಕೆ ಮಡಿಸಿ, ಎಡ ಬಲ ಎಡ ಬಲ ಎಂದು ಒಂದಾದ ಮೇಲೊಂದು ಎಳೆಯುವುದನ್ನು ಅವಳು ಹುಟ್ಟಿದಾಗಿನಿಂದ ಕೊಟ್ಟಿಗೆಯಲ್ಲಿ ಕಂಡಿದ್ದಳು. ಪಾಪೆ ನೋಡಿದರೆ ಅಗಲವಾಗಿತ್ತು, ಬಾಯಿ ಒಣಗಿತ್ತು, ನಾಡಿ ಓಡುತ್ತಿತ್ತು. ಡ್ಯೂಟಿಯಲ್ಲಿದ್ದ ಪಿ.ಜಿ. (ಸ್ನಾತಕೋತ್ತರ) ವೈದ್ಯರನ್ನು ಎಬ್ಬಿಸಿ ಅಟ್ರೋಪಿನ್ ಹೆಚ್ಚಾಗಿದೆ ಎಂದು ತೋರಿಸಿದಳು. ಅವರು ಡೋಸ್ ಇಳಿಸಿದರು. ನಾಲ್ಕನೆಯ ದಿನ ರೈತ ಎದ್ದು ಕುಳಿತ. ಅವನ ಹೆಂಡತಿ ಇವಳ ಕೈ ಹಿಡಿದು, ‘ಎಮ್ಮೀನ ಅಣ್ಣನ ಮನಿಗೆ ಹೊಡೆದು ಬಂದೀನಿ ಡಾಕ್ಟ್ರಮ್ಮ, ಇವ್ರಿಗೆ ಅದರದೇ ಚಿಂತಿ’ ಎಂದಳಂತೆ.

ನಾನು, ‘ಇದನ್ನು ಬಿಟ್ಟು ಉಬ್ಬಸದ ಅಜ್ಜಿಯನ್ನು ಏಕಮ್ಮ ತಂದೆ?’ ಎಂದೆ. ‘ಇದನ್ನೆಲ್ಲ ಬರೀತಾರಾ ಸರ್? ಇದು ಡ್ಯೂಟಿ ಅಲ್ವಾ?’ ಎಂದಳು.

ಈ ಪತ್ರದಲ್ಲಿ ನಾನು ಹೇಳಬೇಕಾದದ್ದೆಲ್ಲ ಆ ಹುಡುಗಿಯ ಪ್ರಶ್ನೆಯಲ್ಲಿದೆ. ಅವಳು ಕದ್ದದ್ದು ತನ್ನಲ್ಲಿ ಏನೂ ಇರಲಿಲ್ಲ ಎಂದಲ್ಲ; ತನ್ನಲ್ಲಿರುವುದು ಬರೆಯಲು ತಕ್ಕದ್ದಲ್ಲ ಎಂದು ನಂಬಿದ್ದಳು, ನಂಬುವಂತೆ ಅವಳನ್ನು ನಾವು ಬೆಳೆಸಿದ್ದೆವು. ಬರಹ ಎಂದರೆ ಬೇರೆ ಯಾರೋ ಚೆನ್ನಾಗಿ ಬರೆದದ್ದು, ಅನುಭವ ಎಂದರೆ ಇಂಗ್ಲಿಷಿನಲ್ಲಿ ಆದದ್ದು ಎಂಬ ತಿಳಿವಳಿಕೆ ಅವಳಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಎಮ್ಮೆಯ ಕೆಚ್ಚಲ ಪರಿಚಯದಿಂದ ಒಬ್ಬನಿಗೆ ಸರಿಯಾದ ಚಿಕಿತ್ಸೆ ಸಿಕ್ಕಿತು ಎಂಬುದನ್ನು ಅವಳು ಹೇಳಿಕೊಳ್ಳಲು ನಾಚಿದಳು.

ಇಂಗ್ಲಿಷಿನ ಮಾತು ಬಂದದ್ದರಿಂದ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ವಾದವನ್ನು ಕೇಳದಿರುವುದು ಸರಿಯಲ್ಲ. ‘ಕಾನ್ವೆಂಟಿನವರಿಗೆ ಆ ಭಾಷೆ ನೀರು ಕುಡಿದಷ್ಟು ಸುಲಭ, ನಮಗೆ ಒಂದು ವಾಕ್ಯಕ್ಕೆ ಒಂದು ಗಂಟೆ, ಇದು ವೈದ್ಯನ ಪರೀಕ್ಷೆಯೋ ಇಂಗ್ಲಿಷಿನ ಪರೀಕ್ಷೆಯೋ’ ಎಂದು ಅವರು ಕೇಳುವುದರಲ್ಲಿ ಸತ್ಯವಿದೆ. ಆದರೆ ಭಾಷೆಗೆ ನೆರವು ಪಡೆಯುವುದು ಬೇರೆ, ಬದುಕನ್ನೇ ಎರವಲು ಪಡೆಯುವುದು ಬೇರೆ. ಮೊದಲನೆಯದಕ್ಕೆ ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟವೇ ಅಡ್ಡಿಯಿಲ್ಲ ಎನ್ನುತ್ತದೆ: ಹಿರಿಯರಿಂದ, ಗೆಳೆಯರಿಂದ, ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಕೂಡ ಸಲಹೆ, ತಿದ್ದುಪಡಿ ಪಡೆಯಬಹುದು, ಆದರೆ ಕೊನೆಗೆ ಸಲ್ಲಿಸುವ ಬರಹ ನಿಮ್ಮದೇ ಆಗಿರಬೇಕು. ಈ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ಆ ರಾತ್ರಿಯನ್ನು ಕನ್ನಡದಲ್ಲಿ, ನಿಮ್ಮ ತಾಯಿಗೆ ಹೇಳುವ ಹಾಗೆ, ಕೈಯಲ್ಲಿ ಬರೆ, ಇಂಗ್ಲಿಷಿಗೆ ಆಮೇಲೆ ತರೋಣ. ಎರಡು ದಿನ ಬಿಟ್ಟು ನೋಟ್‌ಬುಕ್ಕಿನ ಆರು ಹಾಳೆ ತಂದಳು. ಕಾಟಿತ್ತು, ಚಿತ್ತಿತ್ತು, ಒಂದು ಕಡೆ ‘ಭಯ ಆತು’ ಎಂದು ಬರೆದು ಹೊಡೆದುಹಾಕಿ ಮತ್ತೆ ಅದನ್ನೇ ಬರೆದಿದ್ದಳು.

ಯಂತ್ರದ ವಿಷಯಕ್ಕೆ ಒಂದು ಮಾತು ಸೇರಿಸಬೇಕು. ಈ ಎರಡು ಮೂರು ವರ್ಷಗಳಿಂದ ಬರುವ ಕರಡುಗಳಲ್ಲಿ ವ್ಯಾಕರಣದ ತಪ್ಪು ಹುಡುಕಿದರೂ ಸಿಗುವುದಿಲ್ಲ. ಎಲ್ಲ ವಾಕ್ಯಗಳಿಗೂ ಇಸ್ತ್ರಿ ಹಾಕಿದೆ. ಚಾಟ್‌ಜಿಪಿಟಿಗೆ ಹೇಳಿ ಬರೆಸಿದ್ದು ಯಾವ ಜಾಲತಾಣಕ್ಕೂ ತಾಳೆಯಾಗದ ಕಾರಣ ಹಳೆಯ ತಂತ್ರಾಂಶದ ಬಲೆಗೆ ಅದು ಬೀಳುವುದಿಲ್ಲ. ಆದರೆ ಓದಿ ಮುಗಿಸಿದರೆ ಬರೆದವರು ಗಂಡೋ ಹೆಣ್ಣೋ, ಬಳ್ಳಾರಿಯವರೋ ಬಾಂಗ್ಲಾದೇಶದವರೋ ಒಂದೂ ತಿಳಿಯುವುದಿಲ್ಲ. ಹಿಂದೆ ಕದಿಯುವವನಿಗೆ ಯಾರದೋ ಒಬ್ಬರ ಅಜ್ಜಿಯಾದರೂ ಬೇಕಾಗಿತ್ತು. ಈಗ ಕೇಳಿದಷ್ಟು ಅಜ್ಜಿಯರನ್ನು ಯಂತ್ರ ಹೆತ್ತು ಕೊಡುತ್ತದೆ.

ಇಷ್ಟೆಲ್ಲ ಆಗುವುದಾದರೆ ಈ ಸ್ಟೇಟ್‌ಮೆಂಟನ್ನೇ ತೆಗೆದುಹಾಕಬಾರದೇಕೆ ಎನ್ನುವವರಿದ್ದಾರೆ. ಬ್ರಿಟನ್ನಿನಲ್ಲಿ ಅದು ಸ್ವಲ್ಪಮಟ್ಟಿಗೆ ಆಗಿದೆ. ಹೊಸ ವೈದ್ಯರ ಎರಡು ವರ್ಷದ ಫೌಂಡೇಶನ್ ತರಬೇತಿಗೆ ಬರೆದು ಉತ್ತರಿಸಬೇಕಾಗಿದ್ದ ಪ್ರಶ್ನೆಗಳನ್ನು 2013ರಿಂದ ಕೈಬಿಟ್ಟು ಸನ್ನಿವೇಶ ಕೊಟ್ಟು ತೀರ್ಮಾನ ಕೇಳುವ ಪರೀಕ್ಷೆ ತಂದರು, 2024ರಿಂದ ಅದನ್ನೂ ಬಿಟ್ಟರು. ಯುಕಾಸ್ ಕೂಡ 2026ರ ಪ್ರವೇಶದಿಂದ ಒಂದೇ ಉದ್ದ ಬರಹದ ಬದಲು ಮೂರು ನೇರ ಪ್ರಶ್ನೆಗಳನ್ನು ಇಟ್ಟಿದೆ. ಅಮೆರಿಕದವರು ಬಿಟ್ಟಿಲ್ಲ. ನೂರಾರು ಆಸ್ಪತ್ರೆಗಳಿಗೆ ಒಬ್ಬೊಬ್ಬರು ಅರ್ಜಿ ಹಾಕುವ ಕಾಲದಲ್ಲಿ ಇವನ್ನೆಲ್ಲ ನಿಜವಾಗಿ ಯಾರು ಓದುತ್ತಾರೆ ಎಂಬ ಅನುಮಾನ ನನಗೂ ಇದೆ. ಅವರು ಇಡಲಿ ಬಿಡಲಿ, ಅದು ನಮ್ಮ ಕೈಯಲ್ಲಿಲ್ಲ.

ನಮ್ಮ ಕೈಯಲ್ಲಿರುವುದು ಸಹಿ. ಇನ್ನೂ ಸೇವೆಯಲ್ಲಿರುವ ಅಧ್ಯಾಪಕ ಮಿತ್ರರಲ್ಲಿ ನನ್ನ ಕೋರಿಕೆ, ರಿಫ್ಲೆಕ್ಷನ್ ಎಂದು ಬಂದದ್ದನ್ನು ನೂರೈವತ್ತರಲ್ಲಿ ಹದಿನೈದನ್ನಾದರೂ ಓದಿ, ಹುಡುಗನನ್ನು ಎದುರಿಗೆ ಕೂರಿಸಿಕೊಂಡು ‘ಈ ರೋಗಿಯ ಹೆಸರೇನು, ಯಾವ ವಾರ್ಡು, ಆಮೇಲೆ ಏನಾದರು?’ ಎಂದು ಕೇಳಿ, ಉತ್ತರ ಬಂದರೆ ಕಾಗುಣಿತ ನೋಡದೆ ಸಹಿ ಹಾಕಿ. ಶಿಫಾರಸು ಪತ್ರವನ್ನು ವಿದ್ಯಾರ್ಥಿಯೇ ಬರೆದು ತಂದು, ಪ್ರಾಧ್ಯಾಪಕರು ಲೆಟರ್‌ಹೆಡ್ಡಿನಲ್ಲಿ ಸಹಿ ಮಾಡಿ ಕೊಡುವ ಪದ್ಧತಿಯ ಬಗ್ಗೆ ಹೆಚ್ಚು ಬರೆಯಲು ಸಂಕೋಚವಾಗುತ್ತದೆ, ಹುಡುಗನ ಪಿ.ಎಸ್. ಗುರುವಿನ ಮಾತಿನಂತೆಯೂ ಗುರುವಿನ ಪತ್ರ ಹುಡುಗನ ಮಾತಿನಂತೆಯೂ ಇರುವ ಅರ್ಜಿಗಳು ನಮ್ಮ ರಾಜ್ಯದಿಂದ ಹೋಗುತ್ತಿವೆ ಎಂದಷ್ಟೇ ಹೇಳುತ್ತೇನೆ. ಅಮೆರಿಕ, ಬ್ರಿಟನ್ನುಗಳಲ್ಲಿ ನೆಲೆಸಿರುವ ಕನ್ನಡಿಗ ವೈದ್ಯರು ಕಿರಿಯರಿಗೆ ಮಾಡುತ್ತಿರುವ ಉಪಕಾರ ದೊಡ್ಡದು. ಉಳಿಯಲು ಮನೆ, ಅಬ್ಸರ್ವರ್‌ಶಿಪ್ಪಿಗೆ ಜಾಗ, ಸಂದರ್ಶನದ ಅಭ್ಯಾಸ ಎಲ್ಲವನ್ನೂ ಕೊಡುತ್ತಾರೆ. ಆದರೆ ‘ನನ್ನ ಪಿ.ಎಸ್. ಕಳಿಸಿದ್ದೇನೆ, ನೋಡಿಕೊಂಡು ಬರಿ’ ಎಂಬ ಒಂದು ಉಪಕಾರವನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಕು. ನಮ್ಮ ಹುಡುಗರ ಮಟ್ಟಿಗೆ ನೋಡಿಕೊಂಡು ಬರೆಯುವುದಕ್ಕೆ ಒಂದೇ ಅರ್ಥ. ದುಡ್ಡು ತೆಗೆದುಕೊಂಡು ಬರೆದುಕೊಡುವ ಏಜೆನ್ಸಿಗಳ ಬಗ್ಗೆ ನಾನು ಹೇಳುವುದೇನೂ ಇಲ್ಲ, ಗಿರಾಕಿ ಇರುವವರೆಗೆ ಅಂಗಡಿ ಇರುತ್ತದೆ.

ಚಿತ್ರದುರ್ಗದ ಹುಡುಗ ಹೊಸದಾಗಿ ಬರೆದದ್ದನ್ನು ನನಗೆ ತೋರಿಸಲಿಲ್ಲ, ಬೇಸರವಾಗಿರಬೇಕು. ಹುಡುಗಿಯ ಆರು ಹಾಳೆ ಮೂರು ವಾರ ಕೂತು ಒಂದು ಪುಟದ ಇಂಗ್ಲಿಷ್ ಆಯಿತು. ಅದರಲ್ಲಿ ‘ಕಾಂಪ್ಯಾಶನ್’ ಎಂಬ ಪದ ಒಂದು ಸಲವೂ ಬಂದಿಲ್ಲ. ಕರಡಿನಲ್ಲಿ ಎಮ್ಮೆಯನ್ನು ಹಸು ಎಂದು ಬದಲಿಸಿದ್ದಳು, ಅಲ್ಲಿನವರಿಗೆ ಅರ್ಥವಾಗಲಿ ಎಂದು. ಅದನ್ನು ಮಾತ್ರ ನಾನು ಕೆಂಪು ಶಾಯಿಯಲ್ಲಿ ತಿದ್ದಿ ಮತ್ತೆ ಎಮ್ಮೆ ಮಾಡಿ ಕಳಿಸಿದೆ.

ತಮ್ಮ ವಿಶ್ವಾಸಿ,
ನಿವೃತ್ತ ವೈದ್ಯಕೀಯ ಪ್ರಾಧ್ಯಾಪಕ, ದಾವಣಗೆರೆ
(ವಿದ್ಯಾರ್ಥಿಗಳ ಗುರುತು ಸಿಗಬಾರದೆಂಬ ಕಾರಣಕ್ಕೆ ನನ್ನ ಹೆಸರನ್ನು ಪ್ರಕಟಿಸಬಾರದಾಗಿ ಕೋರಿಕೆ.)